ರಾಜಗಡದ ಪದ್ಮಾವತಿ ತಲಾವ್: ವಯಸ್ಸಾದವರ ಜೊತೆ ಯಾವ ದಾರಿ?

ವಾಕಡ್_ಕನ್ನಡಿಗ:
ನವೆಂಬರ್‌ನಲ್ಲಿ ಪುಣೆಯಿಂದ ಕಾರಲ್ಲಿ ರಾಜಗಡ ಕೋಟೆಗೆ ಹೋಗೋಣ ಅಂತಿದೀವಿ. ಪದ್ಮಾವತಿ ತಲಾವ್ (ಕೆರೆ) ನೋಡಿದರೆ ಸಾಕು, ತುದಿಯ ಒಳಕೋಟೆ ಬಾಲೇಕಿಲ್ಲಾ ಹತ್ತಲೇಬೇಕು ಅಂತೇನಿಲ್ಲ. ಜೊತೆಗೆ ಅರವತ್ತು ದಾಟಿದ ಅಪ್ಪ, ಹತ್ತು ವರ್ಷದ ಮಗಳು. ಗುಂಜವಣೆಯಿಂದ ಹತ್ತಿದರೆ ಸೀದಾ ಕೆರೆ ಹತ್ತಿರ ಬರ್ತೀವಂತೆ. ಅದೇ ಒಳ್ಳೇದಾ, ಪಾಲಿ ಕಡೆಯದಾ? ಮೇಲೆ ಕುಡಿಯೋ ನೀರು ಸಿಗುತ್ತಾ?

ಹಡಪ್ಸರ್_ಧಾರವಾಡ:
ಗುಂಜವಣೆ ಬ್ಯಾಡ್ರಿ. ಕೆರಿ ಮುಂದನ ಬರ್ತೀರಿ, ಖರೆ. ಆದ್ರ ಕಡೀಕ ಚೋರ್ ದರವಾಜಾ, ಅಂದ್ರ ಸಣ್ಣ ಕಳ್ಳ ಬಾಗಲಾ ಅದ. ಕಡಿದಾದ ಕಲ್ಲುಬಂಡಿ, ಹಿಡಕೊಳ್ಳಾಕ ಕಬ್ಬಿಣದ ಸರಳು, ಬಾಗಲದಾಗ ಬಗ್ಗಿ ನುಗ್ಗಬೇಕು. ಒಮ್ಮೆಗೆ ಒಬ್ಬರೇ. ರವಿವಾರ ಏರೋರು, ಇಳಿಯೋರು ಅಲ್ಲೇ ಸಿಕ್ಕೊಂಡು ಬಂಡಿ ಮ್ಯಾಲೆ ನಿಂತಿರ್ತಾರ. ಸುಮ್ನ ನಿಂತಾಗನ ಕಾಲು ನಡಗೋದು. ಇಳಿಯೋದು ಇನ್ನೂ ತ್ರಾಸ.

ಪಾಲಿ ಕಡೆಯಿಂದ ಹೋಗ್ರಿ. ಹಿಂದಿನ ರಾಜಮಾರ್ಗ ಅದು, ಬಹಳಷ್ಟು ಮೆಟ್ಟಲಾ ಅವ. ಆದ್ರ ಮೆಟ್ಟಲಾ ಎತ್ತರ, ಅಪ್ಪಾರಿಗೆ ಒಂದು ಕೋಲು ಇರ್ಲಿ. ಎರಡು ತಾಸು ಹಿಡೀರಿ. ಪಾಲಿ ದರವಾಜಾ ದಾಟಿದ ಮ್ಯಾಲೆ ಕೆರಿ ಇರೋ ಪದ್ಮಾವತಿ ಮಾಚಿಗೆ (ಗಡದ ಸಪಾಟ ಜಾಗಾ) ಹಾದಿ ಸಸಾರ.

ಸಿಂಹಗಡ_ರಸ್ತೆ:
ಕೆರೆ ನೀರು ಹಸಿರುಗಟ್ಟಿರುತ್ತೆ, ಕುಡಿಯೋದಕ್ಕಲ್ಲ. ಪದ್ಮಾವತಿ ಗುಡಿ ಹತ್ತಿರದ ಟಾಕಿಗಳ (ಕಲ್ಲಿನ ತೊಟ್ಟಿಗಳ) ನೀರನ್ನು ಜನ ಕುಡೀತಾರೆ, ಆದರೆ ಮಗು ಜೊತೆಗಿದ್ದಾಗ ಅದನ್ನೂ ನಂಬಬೇಡಿ. ತಲಾ ಮೂರು ಲೀಟರ್ ಕೆಳಗಿಂದಲೇ ಒಯ್ಯಿರಿ. ಕೆರೆಯ ಕಲ್ಲಿನ ಅಂಚು ಪಾಚಿಗೆ ಜಾರುತ್ತೆ, ಮಗಳನ್ನು ಇಳಿಯಲು ಬಿಡಬೇಡಿ. ಗುಡಿ ಬಳಿಯ ಸಮಾಧಿ 1659ರಲ್ಲಿ ಇದೇ ಗಡದಲ್ಲಿ ತೀರಿಕೊಂಡ, ಶಿವಾಜಿಯ ಹೆಂಡತಿ ಸಯೀಬಾಯಿಯವರದು ಅಂತಾರೆ. ಅದನ್ನೂ ನೋಡಿ ಬನ್ನಿ.

ಕಾರಿನ ವಿಷಯ: ಸಾತಾರಾ ಹೆದ್ದಾರಿಯಲ್ಲಿ ನಸರಾಪುರದ ಹತ್ತಿರ ಚೇಲಾಡಿ ಫಾಟಾದಲ್ಲಿ (ಕವಲು ರಸ್ತೆ) ಬಲಕ್ಕೆ ತಿರುಗಿ ವೆಲ್ಹೆ ರಸ್ತೆ ಹಿಡಿಯಿರಿ. ಮ್ಯಾಪಿನಲ್ಲಿ ಬರೀ ‘ರಾಜಗಡ’ ಅಂತ ಹಾಕಿದರೆ ಗುಂಜವಣೆಗೇ ಒಯ್ದು ಬಿಟ್ಟೀತು, ಪಾಲಿ ಊರಿನ ಹೆಸರೇ ಹಾಕಿ. ಹತ್ತಿದ ಕಡೆಯೇ ಇಳಿಯಿರಿ. ಇನ್ನೊಂದು ಕಡೆ ಇಳಿದರೆ ಕಾರು ಗುಡ್ಡದ ಆಚೆ ಉಳಿಯುತ್ತೆ.

ವಾಕಡ್_ಕನ್ನಡಿಗ:
ಪಾಲಿನೇ ಪಕ್ಕಾ. ಊಟಕ್ಕೆ?

ಹಡಪ್ಸರ್_ಧಾರವಾಡ:
ಏರೋಕಿಂತ ಮೊದಲ ಊರಾಗ ಯಾರ ಮನ್ಯಾಗರ ಝುಣಕಾ-ಭಾಕ್ರಿ ಹೇಳಿ ಹೋಗ್ರಿ, ಇಳಿಯೋದ್ರಾಗ ಬಿಸಿ ಬಿಸಿ ಸಿಗ್ತದ. ಮ್ಯಾಲೆ ಒಲಿ ಹಚ್ಚೋದು, ಸೆಂಟ್ ಹೊಡಕೊಂಡು ಹೋಗೋದು ಬ್ಯಾಡ. ಬಾಲೇಕಿಲ್ಲಾದ ಬಂಡಿಗೆ ಜೇನು ಕಟ್ಟಿರ್ತಾವ.