ಮೊದಲ ರೈಫಲ್ ಹುಡುಗನ ಭುಜಕ್ಕೆ ಒಪ್ಪಬೇಕು

ಪುಟ್ಟೀ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಸಂದೇಶವನ್ನು ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕುಳಿತರೆ ಮುಗಿಯುವ ವಿಷಯವಲ್ಲ, ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಅಡುಗೆ ಮಾಡುತ್ತಾ ಕೇಳಿಸಿಕೋ. ಪಕ್ಕದ ಮನೆಯವರು ನವೆಂಬರ್‌ನಲ್ಲಿ ನಿನ್ನ ಮಗನನ್ನು ಜಿಂಕೆ ಬೇಟೆಗೆ ಕರೆದಿದ್ದಾರೆ, ಹದಿನಾಲ್ಕರ ಹುಡುಗನಿಗೆ ಯಾವ ರೈಫಲ್ ಕೊಡಿಸಲಿ ಎಂದು ಕೇಳಿದ್ದೀಯ. ಅದರ ಕೆಳಗೆ ಆಗಲೇ ನಾಲ್ಕು ಜನ ನಾಲ್ಕು ಹೆಸರು ಹೇಳಿದ್ದಾರೆ. ಅಮ್ಮ ತೀರ್ಥಹಳ್ಳಿಯಿಂದ, ಜಿಂಕೆ ಹೊಡೆದರೆ ಜೈಲಲ್ಲವೇ ಎಂದು ಕೇಳಿದ್ದಾಳೆ.

ಅಮ್ಮಾ, ಮೊದಲು ನಿನಗೆ ಹೇಳಿಬಿಡುತ್ತೇನೆ. ಅಲ್ಲಿ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ ಮುಟ್ಟಿದರೆ ಜೈಲು ಎನ್ನುವುದು ನಿಜ, ಅದು ಹಾಗೆಯೇ ಇರಬೇಕು. ಇಲ್ಲಿ ವಿಸ್ಕಾನ್ಸಿನ್‌ನಲ್ಲಿ ಬಿಳಿಬಾಲದ ಜಿಂಕೆಗಳು ಹತ್ತು ಲಕ್ಷಕ್ಕೂ ಮೀರಿ ಇವೆ. ಹೊಲ ಮೇಯುತ್ತವೆ, ಕಾಡಿನ ಎಳೆ ಗಿಡಗಳನ್ನು ಉಳಿಸುವುದಿಲ್ಲ, ರಾತ್ರಿ ಕಾರಿಗೆ ಅಡ್ಡ ಬರುತ್ತವೆ. ಸರ್ಕಾರವೇ ಪರವಾನಗಿ ಕೊಟ್ಟು, ಯಾರು ಎಷ್ಟು ಹೊಡೆಯಬಹುದು ಎಂದು ಲೆಕ್ಕ ಇಡುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಒಂಬತ್ತು ದಿನ ಕೋವಿಯ ಬೇಟೆ. ಮಾಂಸವನ್ನು ಮನೆಗೆ ತಂದು ವರ್ಷವಿಡೀ ತಿನ್ನುತ್ತಾರೆ. ನಿನ್ನ ಮೊಮ್ಮಗ ಕಳ್ಳಬೇಟೆಗೆ ಹೋಗುತ್ತಿಲ್ಲ, ನೀನು ನಿಶ್ಚಿಂತೆಯಿಂದ ಇರು.

ಈಗ ಪುಟ್ಟೀ, ನಿನ್ನ ಪ್ರಶ್ನೆ. ಗುಂಪಿನಲ್ಲಿ ಒಬ್ಬರು .30-06 ಎನ್ನುವ ಬಲವಾದ ತೋಟಾದ ರೈಫಲ್ ತೆಗೆದುಕೊಡಿ, ಜೀವಮಾನಕ್ಕೆ ಒಂದೇ ಸಾಕು ಎಂದಿದ್ದಾರಲ್ಲ, ನಮಗೂ ಅಂಗಡಿಯಲ್ಲಿ ಅದೇ ಮಾತು ಹೇಳಿದ್ದರು. ನಮ್ಮ ಮಗಳಿಗೆ ಆಗ ಹನ್ನೆರಡು ವರ್ಷ. ದೊಡ್ಡವಳಾದರೂ ಇದೇ ಆಗುತ್ತದೆ ಎಂದು ನಾವೂ ಒಪ್ಪಿ ತಂದೆವು. ಕೋವಿಯ ಬುಡ ಅವಳ ತೋಳಿಗೆ ಉದ್ದವಾಗಿತ್ತು, ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪಿನಲ್ಲಿ ಏನಾದರೂ ಕಾಣಬೇಕಾದರೆ ಕತ್ತನ್ನು ಮುಂದಕ್ಕೆ ಚಾಚಬೇಕಾಗಿತ್ತು. ಮೊದಲ ಗುಂಡಿಗೇ ಸ್ಕೋಪಿನ ಅಂಚು ಹುಬ್ಬಿಗೆ ಬಡಿದು ಅರ್ಧಚಂದ್ರದ ಹಾಗೆ ಗಾಯವಾಯಿತು. ಅವಳು ಅಳಲಿಲ್ಲ, ಇನ್ನೂ ಎರಡು ಗುಂಡು ಹಾರಿಸಿದಳು. ಅಳದೇ ಇದ್ದದ್ದನ್ನು ನೋಡಿ ನಾನು ಹೆಮ್ಮೆಪಟ್ಟೆ. ಅದು ನನ್ನ ದೊಡ್ಡ ತಪ್ಪು.

ಮುಂದಿನ ವಾರ ಶೂಟಿಂಗ್ ರೇಂಜಿನಲ್ಲಿ ಒಬ್ಬ ಹಿರಿಯರು ಅವಳನ್ನು ನೋಡುತ್ತಾ ನಿಂತಿದ್ದರು. ನನ್ನನ್ನು ಕೇಳಿ, ಅವಳಿಗೆ ತಿಳಿಯದಂತೆ ಮದ್ದಿಲ್ಲದ ಹುಸಿ ತೋಟಾ ಒಂದನ್ನು ಒಳಗೆ ಹಾಕಿ ಕೊಟ್ಟರು. ಟ್ರಿಗರ್ ಎಳೆದಾಗ ಬರೀ ಟಿಕ್ ಎಂದಿತು, ಆದರೂ ನಳಿಗೆಯ ತುದಿ ನಾಲ್ಕು ಬೆರಳಿನಷ್ಟು ಕೆಳಗೆ ಕುಸಿಯಿತು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಕೋವಿ ಹಿಂದಕ್ಕೆ ಭುಜವನ್ನು ಒದೆಯುವ ಮೊದಲೇ ಮೈ ಒದೆತಕ್ಕೆ ಹೆದರಿ ಬಾಗುತ್ತಿತ್ತು. ಹೀಗೆ ಹೆದರಿಕೊಂಡು ಹೊಡೆದ ಗುಂಡು ಜಿಂಕೆಯ ಹೊಟ್ಟೆಗೋ ಕಾಲಿಗೋ ಬೀಳುತ್ತದೆ, ಆ ಜೀವ ಕಾಡಿನೊಳಗೆ ಹೋಗಿ ಗಂಟೆಗಟ್ಟಲೆ ನರಳುತ್ತದೆ. ಆ ಭಯವನ್ನು ಬಿಡಿಸಲು ನಮಗೆ ಒಂದು ಇಡೀ ಬೇಸಿಗೆ ಬೇಕಾಯಿತು. ಒದೆತವೇ ಇಲ್ಲವೆನ್ನಬಹುದಾದ .22 ರೈಫಲ್‌ನಲ್ಲಿ ಡಬ್ಬಿಗಟ್ಟಲೆ ತೋಟಾ ಸುಟ್ಟಳು.

ಅದಕ್ಕೇ ಹೇಳುತ್ತೇನೆ, ಬ್ರಾಂಡು, ಕ್ಯಾಲಿಬರ್ ಅಂದರೆ ಗುಂಡಿನ ಅಳತೆ, ಎಲ್ಲ ಆಮೇಲೆ. ಮೊದಲು ಅವನ ಮೈಗೆ ಒಪ್ಪುವ ಕೋವಿ ಹುಡುಕು. ಭುಜಕ್ಕೆ ಒತ್ತುವ ಬುಡದಿಂದ ಟ್ರಿಗರ್‌ವರೆಗಿನ ಉದ್ದ ದೊಡ್ಡವರ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 13.5 ಇಂಚಿನ ಮೇಲಿರುತ್ತದೆ. ರೂಗರ್ ಅಮೆರಿಕನ್ ಕಾಂಪ್ಯಾಕ್ಟ್‌ನಲ್ಲಿ 12.5 ಇಂಚು. ಮಾಸ್‌ಬರ್ಗ್ ಪೇಟ್ರಿಯಟ್‌ನ ಮಕ್ಕಳ ಮಾದರಿಯಲ್ಲಿ ಬುಡಕ್ಕೆ ಒಂದು ತುಂಡು ಸೇರಿಸಿ ಉದ್ದ ಮಾಡಿಕೊಳ್ಳಬಹುದು. ಹುಡುಗ ಬೆಳೆಯುತ್ತಿರುವಾಗ ಇದು ಒಳ್ಳೆಯ ಅನುಕೂಲ. ಅಳತೆ ನೋಡುವಾಗ ನವೆಂಬರ್‌ನ ದಪ್ಪ ಜಾಕೆಟ್ ಹಾಕಿಸಿಯೇ ನೋಡಬೇಕು. ಬೇಸಿಗೆಯಲ್ಲಿ ಟಿ-ಶರ್ಟ್ ತೊಟ್ಟು ಸರಿಹೋದ ಕೋವಿ, ಮಂಜಿನಲ್ಲಿ ಜಾಕೆಟ್ ಹಾಕಿದಾಗ ಬಗಲಿಗೆ ಸಿಕ್ಕಿಕೊಂಡು ಭುಜಕ್ಕೆ ಏರುವುದಿಲ್ಲ.

ಇನ್ನೊಂದನ್ನು ಇವತ್ತೇ ಮನೆಯಲ್ಲಿ ಮಾಡಿ ನೋಡು. ಎರಡೂ ಅಂಗೈ ಮುಂದೆ ಚಾಚಿ, ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಅದರೊಳಗಿಂದ ಗೋಡೆಯ ಗಡಿಯಾರವನ್ನು ನೋಡಲು ಹೇಳು. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಾಣುತ್ತದೋ ಅದೇ ಅವನ ಗುರಿಯ ಕಣ್ಣು. ಬಲಗೈಯಲ್ಲಿ ಬರೆಯುವ ಎಷ್ಟೋ ಮಕ್ಕಳಿಗೆ ಎಡಗಣ್ಣು ಬಲವಾಗಿರುತ್ತದೆ. ನಿನ್ನ ಮಗ ಕ್ರಿಕೆಟ್‌ನಲ್ಲಿ ಎಡಗೈ ಬ್ಯಾಟಿಂಗ್ ಮಾಡುತ್ತಾನಲ್ಲ, ನನಗೆ ಅದೇ ಅನುಮಾನ. ಹಾಗಿದ್ದರೆ ತೋಟಾ ಏರಿಸಲು ಕೈಯಿಂದ ಎಳೆಯುವ ಹಿಡಿ, ಅಂದರೆ ಬೋಲ್ಟ್, ಎಡಗೈಯವರಿಗೆಂದೇ ಮಾಡಿದ್ದು ಸಿಗುತ್ತದೆ, ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಕ್ಯಾಲಿಬರ್ ವಿಷಯ. ನಮ್ಮ ಮಗಳಿಗೆ ಕೊನೆಗೆ ಕೂಡಿಬಂದದ್ದು .243 ವಿಂಚೆಸ್ಟರ್. 1955ರಿಂದ ಇರುವ ತೋಟಾ, ಎಲ್ಲ ಕಡೆ ಸಿಗುತ್ತದೆ. ಅದರ ಒದೆತ ಸುಮಾರು 10 ಅಡಿ-ಪೌಂಡ್, .30-06ರದು 20ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಅರ್ಧ. 95ರಿಂದ 100 ಗ್ರೇನ್ ತೂಕದ, ಜಿಂಕೆಗೆಂದೇ ಮಾಡಿದ ಗುಂಡನ್ನೇ ಕೊಳ್ಳಬೇಕು. ಅದೇ ಕ್ಯಾಲಿಬರ್‌ನಲ್ಲಿ ಸಣ್ಣ ಪ್ರಾಣಿಗಳಿಗೆ ಮಾಡಿದ ಹಗುರ ಗುಂಡುಗಳೂ ಇರುತ್ತವೆ, ಅವು ಒಳಕ್ಕೆ ಇಳಿಯುವ ಮೊದಲೇ ಒಡೆಯುತ್ತವೆ. ನಿನ್ನ ಮಗ ಎತ್ತರ ಇದ್ದಾನೆ, ಮೈಕಟ್ಟೂ ಇದೆ. ಅವನಿಗೆ 7ಎಂಎಂ-08 ಕೂಡ ಹೊಂದಬಹುದು. ಅದರ ಒದೆತ ಇನ್ನೂ ಸ್ವಲ್ಪ ಜಾಸ್ತಿ, ಆದರೆ ಗುಂಡು ಭಾರ, ಆತ ದೊಡ್ಡವನಾದ ಮೇಲೂ ಸಾಲುತ್ತದೆ. 6.5 ಕ್ರೀಡ್‌ಮೋರ್ ಕೂಡ ಅದೇ ಸಾಲಿನದು. ಸಣ್ಣ ಗುಂಡಿನ .223 ನಮ್ಮ ರಾಜ್ಯದಲ್ಲಿ ಕಾನೂನಿಗೆ ಸರಿ, ಆದರೆ ಹೊಸಬನ ಕೈಗೆ ನಾನು ಕೊಡುವುದಿಲ್ಲ. ಸ್ವಲ್ಪ ತಪ್ಪಿದರೂ ಗಾಯವಷ್ಟೇ ಆಗುತ್ತದೆ. ಇನ್ನು ಬಲವಾದ .308ನ್ನು ಹಗುರವಾದ ಮಕ್ಕಳ ಮಾದರಿಯಲ್ಲಿ ತೋರಿಸಿದರೆ ಮೋಸಹೋಗಬೇಡ. ಕೋವಿ ಹಗುರವಾದಷ್ಟೂ ಒದೆತ ಹೆಚ್ಚು.

ಮಿಚಿಗನ್‌ನಲ್ಲಿರುವ ಭಾವ ಇದನ್ನೇ ನೋಡಿ ಕೊಳ್ಳುವುದು ಬೇಡ. ಯಾವ ಕೋವಿ, ಯಾವ ತೋಟಾ ಬಳಸಬಹುದು ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಲ್ಲಿಯ ಈ ವರ್ಷದ ನಿಯಮ ಪುಸ್ತಕ ನೋಡಿಯೇ ಅಂಗಡಿಗೆ ಹೋಗಲಿ.

ಮಾದರಿ ಬೋಲ್ಟ್ ಆಕ್ಷನ್ ಇರಲಿ. ಒಂದು ಗುಂಡಾದ ಮೇಲೆ ಕೈಯಿಂದ ಎಳೆದರೆ ಮಾತ್ರ ಇನ್ನೊಂದು. ಅಷ್ಟು ಹೊತ್ತು ತಲೆ ಯೋಚಿಸುತ್ತದೆ. ಸ್ಕೋಪ್ ಸಾಧಾರಣ 3-9, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು, ಕಾಡಿನಲ್ಲಿ 3ರಲ್ಲೇ ಇಟ್ಟಿರಬೇಕು. ಕಣ್ಣಿಗೂ ಸ್ಕೋಪಿಗೂ ಮೂರೂವರೆ ಇಂಚಾದರೂ ಅಂತರ ಕೊಡುವಂಥದ್ದನ್ನು ನೋಡು. ಮಗಳ ಹುಬ್ಬಿನ ಗುರುತು ಇನ್ನೂ ಇದೆ. ಕಿವಿಗೆ ಒಳಗೊಂದು ಬಿರಡೆ, ಮೇಲೊಂದು ಮುಚ್ಚಳ, ಎರಡೂ ಬೇಕು. 140 ಡೆಸಿಬಲ್ ಮೀರಿದರೆ ಒಂದೇ ಸದ್ದಿಗೂ ಕಿವಿ ಹಾಳಾಗಬಹುದು, ರೈಫಲ್ ಅದನ್ನು ಸುಲಭವಾಗಿ ಮೀರುತ್ತದೆ.

ಕೊಳ್ಳುವುದು ನಿಮ್ಮ ಹೆಸರಿನಲ್ಲೇ. ಹದಿನೆಂಟು ತುಂಬದವರಿಗೆ ಅಂಗಡಿಯಲ್ಲಿ ರೈಫಲ್ ಮಾರುವಂತಿಲ್ಲ. ತಂದೆ ತಾಯಿ ಕೊಂಡು ಮಗನಿಗೆ ಉಡುಗೊರೆ ಕೊಡಬಹುದು. ನಿಮ್ಮದು ಗ್ರೀನ್ ಕಾರ್ಡ್ ಆದ್ದರಿಂದ ತೊಂದರೆಯಿಲ್ಲ. ಆದರೆ ಗುಂಪಿನಲ್ಲಿ ಎಚ್-1ಬಿಯಲ್ಲಿರುವ ತಮ್ಮಂದಿರು ನಾವೂ ಒಂದು ಕೊಳ್ಳುತ್ತೇವೆ ಎಂದಿದ್ದೀರಲ್ಲ, ದಯವಿಟ್ಟು ನಿಲ್ಲಿ. ಆ ಬಗೆಯ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ, ಆದರೂ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ.

ಮತ್ತೆ ಪುಟ್ಟೀ, ತರಗತಿ. 1973ರ ಜನವರಿ 1 ಮತ್ತು ಆಮೇಲೆ ಹುಟ್ಟಿದವರಿಗೆ ಇಲ್ಲಿ ಬೇಟೆಗಾರರ ಸುರಕ್ಷತಾ ಪ್ರಮಾಣಪತ್ರ ಬೇಕು. ನೀನೂ ಅವನ ಪಕ್ಕದಲ್ಲಿ ಕುಳಿತು ಕಲಿ. ಅಪ್ಪ ಕೇಪಿನ ಕೋವಿ ಹಿಡಿದು ಗದ್ದೆಗೆ ಹಂದಿ ಕಾಯಲು ಹೊರಟಾಗ, ತುಂಬಿರಲಿ ಖಾಲಿಯಿರಲಿ, ಕೋವಿಯ ಬಾಯಿ ಯಾರ ಕಡೆಗೂ ತಿರುಗಬಾರದು ಎನ್ನುತ್ತಿದ್ದರಲ್ಲ, ಇಲ್ಲಿಯ ಪಾಠದ ಮೊದಲ ಎರಡು ನಿಯಮ ಅದೇ. ಮೂರನೆಯದು, ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ಖಚಿತವಾಗಿ ತಿಳಿದಿರಬೇಕು. ನಾಲ್ಕನೆಯದು, ಹೊಡೆಯುವವರೆಗೂ ಬೆರಳು ಟ್ರಿಗರ್‌ನ ಹೊರಗಿರಬೇಕು.

ಮಗಳ ಮೊದಲ ವರ್ಷ ನಾವಿಬ್ಬರೂ ಜಿಂಕೆಗಾಗಿ ಅಡಗಿ ಕೂರುವ ಮರಸಿನಲ್ಲಿ ಕುಳಿತಿದ್ದೆವು. ಅರವತ್ತು ಗಜದಲ್ಲಿ ಒಂದು ಹೆಣ್ಣು ಜಿಂಕೆ ಬಂದು ಪಕ್ಕೆ ತೋರಿಸಿ ನಿಂತಿತು. ಅವಳು ಕೋವಿ ಏರಿಸಿದವಳು ಸುಮ್ಮನೆ ಇಳಿಸಿ, ಸೇಫ್ಟಿ ಹಾಕಿ, ಹಿಂದೆ ರಸ್ತೆ ಇದೆ ಅಮ್ಮಾ ಎಂದು ಪಿಸುಗುಟ್ಟಿದಳು. ನನಗೆ ಆ ರಸ್ತೆ ಕಂಡೇ ಇರಲಿಲ್ಲ. ಆ ವರ್ಷ ಮನೆಗೆ ಮಾಂಸ ಬರಲಿಲ್ಲ, ಆದರೂ ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಕಾನೂನಿನಲ್ಲಿ ಹದಿನಾಲ್ಕಕ್ಕೆ, ಪ್ರಮಾಣಪತ್ರ ಇದ್ದರೆ, ಒಬ್ಬನೇ ಹೋಗಬಹುದು. ನೀನು ಬಿಡಬೇಡ. ಪಕ್ಕದ ಮನೆಯವರು ಅವನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆಯೇ ಎಂದು ಕೇಳಿ ಒಪ್ಪಿಸಿಕೋ. ಹೊಳೆಯುವ ಕಿತ್ತಳೆ ಬಣ್ಣದ ಅಂಗಿ, ಟೋಪಿ ಕೊಡಿಸು. ಮನೆಯಲ್ಲಿ ಕೋವಿಗೆ ಬೀಗದ ಪೆಟ್ಟಿಗೆ, ತೋಟಾ ಬೇರೆ ಕಡೆ, ಅದಕ್ಕೂ ಬೀಗ, ಕೀಲಿ ನಿನ್ನ ಹತ್ತಿರ. ರೈಫಲ್ ತರುವ ಮೊದಲು ಪೆಟ್ಟಿಗೆ ತರಬೇಕು.

ಈಗಲೇ ಏನನ್ನೂ ಕೊಳ್ಳಬೇಡಿ. ಬರುವ ಶನಿವಾರ ಮೂವರೂ ನಮ್ಮ ಮನೆಗೆ ಬನ್ನಿ. ನಮ್ಮ .22 ಮತ್ತು .243 ಇವೆ, ಸ್ನೇಹಿತರ 7ಎಂಎಂ-08 ಅನ್ನು ರೇಂಜಿಗೆ ತರಲು ಹೇಳಿದ್ದೇನೆ. ಮೊದಲು .22ರಲ್ಲಿ ಊಟದ ತಟ್ಟೆಯಷ್ಟಗಲದ ಕಾಗದಕ್ಕೆ ಹೊಡೆಯಲಿ. ಜಿಂಕೆಯ ಶ್ವಾಸಕೋಶ ಮತ್ತು ಹೃದಯ ಇರುವ ಜಾಗ ಅಷ್ಟೇ ಅಗಲ. ಆಮೇಲೆ ದೊಡ್ಡವುಗಳಲ್ಲಿ ಐದೈದು ಗುಂಡು, ಹೆಚ್ಚು ಬೇಡ. ನಾನು ಗುರಿಯನ್ನು ನೋಡುವುದಿಲ್ಲ, ಅವನ ಕಣ್ಣುಗಳನ್ನು ನೋಡುತ್ತಾ ನಿಂತಿರುತ್ತೇನೆ. ಊಟಕ್ಕೆ ಅಕ್ಕಿರೊಟ್ಟಿ ಮಾಡುತ್ತೇನೆ. ಬರುವಾಗ ಅವನ ಚಳಿಗಾಲದ ಜಾಕೆಟ್ ಮರೆಯದೆ ತನ್ನಿ.