ಪದಚರ್ಚೆ: ಪ್ರೈಮರಿ, ನಾಮಿನೇಷನ್, ‘ಕ್ರೌಡೆಡ್ ಫೀಲ್ಡ್’ – ಕನ್ನಡದಲ್ಲಿ ಹೇಗೆ?

ಪ್ರಶ್ನೆ: 2028ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಯಾರು ಯಾರು ನಿಲ್ಲಬಹುದು ಎಂಬ ಬರಹಗಳನ್ನು ಕನ್ನಡಕ್ಕೆ ತರುವಾಗ ‘ಪ್ರಾಥಮಿಕ ಚುನಾವಣೆ’ (ಪ್ರೈಮರಿ), ‘ನಾಮನಿರ್ದೇಶನ’ (ನಾಮಿನೇಷನ್), ‘ಪರಿಶೋಧನಾ ಸಮಿತಿ’ (ಎಕ್ಸ್‌ಪ್ಲೊರೇಟರಿ ಕಮಿಟಿ), ‘ಜನನಿಬಿಡ ಕ್ಷೇತ್ರ’ (ಕ್ರೌಡೆಡ್ ಫೀಲ್ಡ್) ಎಂದು ಬರೆದರೆ ನಡೆಯುತ್ತದೆಯೇ? ಬಲ್ಲವರು ತಿಳಿಸಬೇಕು.

ಉತ್ತರ: ಕೊನೆಯದನ್ನು ಮೊದಲು ಕೈಬಿಡಿ. ‘ಜನನಿಬಿಡ ಕ್ಷೇತ್ರ’ ಅಂದರೆ ಚಿಕ್ಕಪೇಟೆಯಂಥ ವಿಧಾನಸಭಾ ಕ್ಷೇತ್ರ ಕಣ್ಣಿಗೆ ಬರುತ್ತದೆ. ಬೇಕಾದ ಪದ ‘ಕಣ’. ಅದು ಒಕ್ಕಣೆಯ ಜಾಗವೂ ಹೌದು, ಕಾಳಗದ ಜಾಗವೂ ಹೌದು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಎರಡೂ ನಡೆಯುತ್ತವೆ. 2016ರ ಚುನಾವಣೆಗೆ ರಿಪಬ್ಲಿಕನ್ ಪಕ್ಷದಲ್ಲಿ 17 ಮಂದಿ ಪ್ರಮುಖರು ಇಳಿದರು. 2015ರ ಆಗಸ್ಟ್ 6ರಂದು ಕ್ಲೀವ್‌ಲ್ಯಾಂಡ್‌ನ ಮೊದಲ ಚರ್ಚೆಯಲ್ಲಿ ಸಮೀಕ್ಷೆಗಳಲ್ಲಿ ಮುಂದಿದ್ದ 10 ಮಂದಿಗೆ ಮುಖ್ಯ ವೇದಿಕೆ, ಉಳಿದ 7 ಮಂದಿಗೆ ಸಂಜೆಯ ಮೊದಲ ಪಾಳಿ. ಆ ಸಲ ಎಲ್ಲಕ್ಕಿಂತ ಮುಂಚೆ ಮತದಾನ ನಡೆದ ಅಯೋವಾ ರಾಜ್ಯದಲ್ಲಿ ಮತ ಬೀಳುವ ಮೊದಲೇ ಐವರು ಹೊರಗೆ. ಇದು ತೂರುವ ಕೆಲಸವೇ. ಹಾಗಾಗಿ ‘ತುಂಬಿದ ಕಣ’ ಅನ್ನಿ. ಘೋಷಣೆಗೆ ಮುಂಚಿನ ಹಂತವಾದರೆ ‘ಆಕಾಂಕ್ಷಿಗಳ ದಂಡು’. ಆಮೇಲೆ ‘ಜೊಳ್ಳು ತೂರಿಹೋಯಿತು’ ಎಂದು ಬರೆಯಲೂ ದಾರಿ ಇರುತ್ತದೆ, ಸೋತವರಿಗೆ ಸ್ವಲ್ಪ ಕಟುವಾದರೂ.

‘ಪ್ರಾಥಮಿಕ’ ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ, ಆದರೆ ‘ಪ್ರಾಥಮಿಕ ಫಲಿತಾಂಶ’ ಎಂದು ಬರೆದ ಕೂಡಲೇ ಕೆಡುತ್ತದೆ: ಎಣಿಕೆಯ ಮೊದಲ ಸುತ್ತೋ, ಪ್ರೈಮರಿಯ ಫಲಿತಾಂಶವೋ ತಿಳಿಯದು. ‘ಪಕ್ಷದ ಆಂತರಿಕ ಚುನಾವಣೆ’ಯೂ ಸರಿಹೋಗದು, ನಮ್ಮಲ್ಲಿ ಅದು ಪದಾಧಿಕಾರಿಗಳ ಆಯ್ಕೆ. ಪ್ರೈಮರಿಯಲ್ಲಿ ಸಾಮಾನ್ಯ ಮತದಾರರು ಮತ ಹಾಕುತ್ತಾರೆ, ನಡೆಸುವುದು ಬಹುತೇಕ ರಾಜ್ಯ ಸರ್ಕಾರ. ಕಾಕಸ್ ಆದರೆ ಪಕ್ಷವೇ ನಡೆಸುವ ಸಭೆ. ‘ಪ್ರೈಮರಿ’, ‘ಕಾಕಸ್’ ಎರಡನ್ನೂ ಹಾಗೇ ಇಟ್ಟು, ಮೊದಲ ಸಲ ಬಂದಾಗ ಒಂದು ಸಾಲಿನಲ್ಲಿ ಬಿಡಿಸಿ ಹೇಳಿದರೆ ಸಾಕು.

‘ನಾಮನಿರ್ದೇಶನ’ ಬೇಡವೇ ಬೇಡ. ನಮಗದು ರಾಜ್ಯಪಾಲರು ವಿಧಾನ ಪರಿಷತ್ತಿಗೆ ಮಾಡುವ ನೇಮಕ. ‘ನಾಮಪತ್ರ’ ಚುನಾವಣಾಧಿಕಾರಿಗೆ ಕೊಡುವ ಕಾಗದ. ಅಲ್ಲಿಯ ನಾಮಿನೇಷನ್‌ಗೆ ಹತ್ತಿರದ್ದು ನಮ್ಮ ‘ಟಿಕೆಟ್’, ಬಿ ಫಾರಂ ಕೈಗೆ ಬಂದ ಸ್ಥಿತಿ. ಅಲ್ಲೊಂದು ಗುಂಡಿ ಇದೆ: ಅಮೆರಿಕದಲ್ಲಿ ಟಿಕೆಟ್ ಅಂದರೆ ಅಧ್ಯಕ್ಷ, ಉಪಾಧ್ಯಕ್ಷ ಅಭ್ಯರ್ಥಿಗಳ ಜೋಡಿ. ಆದ್ದರಿಂದ ನಾಮಿನೇಷನ್‌ಗೆ ‘ಪಕ್ಷದ ಉಮೇದುವಾರಿಕೆ’ ಕ್ಷೇಮ. ಅದನ್ನು ಬಯಸುವವರು ‘ಆಕಾಂಕ್ಷಿ’, ಘೋಷಿಸಿದವರು ‘ಸ್ಪರ್ಧಿ’, ಪಕ್ಷದ ಮಹಾಧಿವೇಶನದಲ್ಲಿ ಗೆದ್ದು ಬಂದವರು ಮಾತ್ರ ‘ಅಭ್ಯರ್ಥಿ’. ಎಲ್ಲರನ್ನೂ ಅಭ್ಯರ್ಥಿ ಎಂದು ಕರೆಯುವುದೇ ಈ ವಿಷಯದ ಕನ್ನಡ ಸುದ್ದಿಗಳ ದೊಡ್ಡ ಗೊಂದಲ.

‘ಪರಿಶೋಧನಾ ಸಮಿತಿ’ ಓದಿದರೆ ಲೆಕ್ಕ ಪರಿಶೋಧನೆ ನೆನಪಾಗುತ್ತದೆ. ‘ಶೋಧನಾ ಸಮಿತಿ’ ಕುಲಪತಿ ಹುಡುಕುವವರದು. ಎಕ್ಸ್‌ಪ್ಲೊರೇಟರಿ ಕಮಿಟಿಯ ಕೆಲಸ ನಿಲ್ಲಬೇಕೋ ಬೇಡವೋ ಎಂದು ನಾಡಿ ಹಿಡಿದು ನೋಡುವುದು: ಸ್ಪರ್ಧಿ ಎಂದು ನೋಂದಾಯಿಸದೆಯೇ ಸಮೀಕ್ಷೆ ಮಾಡಿಸಬಹುದು, ಓಡಾಡಬಹುದು, ಅದಕ್ಕೆಂದು ಹಣ ಎತ್ತಬಹುದು, ದೇಣಿಗೆಯ ಮಿತಿ ಆಗಲೂ ಅನ್ವಯ. ‘ನಾನು ಸ್ಪರ್ಧಿ’ ಎಂದು ಬಾಯಿ ಬಿಟ್ಟರೆ ಈ ವಿನಾಯಿತಿ ಹೋಗುತ್ತದೆ. ಸ್ಪರ್ಧೆಗಾಗಿ 5,000 ಡಾಲರ್ ಮೀರಿ ಎತ್ತಿದರೆ ಅಥವಾ ಖರ್ಚು ಮಾಡಿದರೆ 15 ದಿನದೊಳಗೆ ಫೆಡರಲ್ ಚುನಾವಣಾ ಆಯೋಗಕ್ಕೆ ಫಾರಂ 2, ಅಂದರೆ ಸ್ಪರ್ಧಿಸುತ್ತಿರುವ ಹೇಳಿಕೆ, ಸಲ್ಲಿಸಬೇಕು. ಅಲ್ಲಿಯ ನಾಯಕರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದರ ಹಿಂದೆ ಈ ಕಾನೂನೂ ಇದೆ. ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಎಲಿಜಬೆತ್ ವಾರನ್ 2018ರ ಡಿಸೆಂಬರ್ 31ರಂದು ಸಮಿತಿ ಪ್ರಕಟಿಸಿ, ವಿಧ್ಯುಕ್ತ ಘೋಷಣೆಯನ್ನು 2019ರ ಫೆಬ್ರುವರಿ 9ಕ್ಕೆ ಮಾಡಿದರು. ‘ಪೂರ್ವಪರಿಶೀಲನಾ ಸಮಿತಿ’ ಎನ್ನಬಹುದು.

ಕೇಳದ ಒಂದು ಮಾತು. ಊಹೆಯ ಬರಹದಲ್ಲಿ ನಾಮಪದಕ್ಕಿಂತ ಕ್ರಿಯಾಪದ ಹೆಚ್ಚು ಕೈಕೊಡುತ್ತದೆ. ‘ಇಳಿಯಲಿದ್ದಾರೆ’ ಅಂದರೆ ತೀರ್ಮಾನ ಆಗಿದೆ. ‘ಬಹುದು’ ಸಾಧ್ಯತೆಗೂ ಅನುಮತಿಗೂ ಒಂದೇ. ‘ಟ್ರಂಪ್ ಮತ್ತೆ ಗೆಲ್ಲಬಹುದು’ ಎಂದರೆ ಕಾನೂನು ಬಿಡುತ್ತದೆ ಎಂದೂ ಅರ್ಥ ಹೊರಡುತ್ತದೆ. ಅಮೆರಿಕ ಸಂವಿಧಾನದ 22ನೇ ತಿದ್ದುಪಡಿಯ ಪ್ರಕಾರ ಯಾರೂ ಎರಡು ಸಲಕ್ಕಿಂತ ಹೆಚ್ಚು ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ. ಬರಿಯ ಊಹೆಗೆ ನಮ್ಮಲ್ಲಿ ಸಂಭಾವನಾರ್ಥಕ ರೂಪ ಇದೆಯಲ್ಲ: ಇಳಿದಾರು, ನಿಂತಾರು. ಕ್ಯಾಲಿಫೋರ್ನಿಯಾದ ಡೆಮಾಕ್ರಟಿಕ್ ನಾಯಕ ಗ್ಯಾವಿನ್ ನ್ಯೂಸಮ್ ಬಗ್ಗೆ ‘ನ್ಯೂಸಮ್ ಕಣಕ್ಕೆ ಇಳಿದಾರು’ ಎಂದರೆ ಅನುಮತಿಯ ಸುಳಿವೂ ಇಲ್ಲ, ‘ಎನ್ನಲಾಗಿದೆ’ಯ ಬಾಲವೂ ಬೇಡ.

ಇನ್ನೊಬ್ಬರ ಸೇರ್ಪಡೆ: ಘೋಷಿಸದೆ ಅಯೋವಾ, ನ್ಯೂ ಹ್ಯಾಂಪ್‌ಶೈರ್‌ನಂಥ, ಮೊದಮೊದಲು ಮತದಾನ ನಡೆಸುತ್ತ ಬಂದ ರಾಜ್ಯಗಳ ಕಡೆ ಓಡಾಟ ಶುರುಮಾಡುವವರಿಗೆ ‘ಟವಲ್ ಹಾಕಿದ್ದಾರೆ’ ಸಾಕಲ್ಲವೇ? ಬಸ್ಸಿನ ಕಿಟಕಿಯಿಂದ ಸೀಟಿಗೆ ಟವಲ್ ಎಸೆದವನು ಇನ್ನೂ ಬಸ್ ಹತ್ತಿರುವುದಿಲ್ಲ.

ಉತ್ತರ: ಒಪ್ಪಿದೆ, ಶೀರ್ಷಿಕೆಗೆ ಚೆನ್ನ. ಆದರೆ ಫಾರಂ 2 ಕೊಟ್ಟವರಿಗೆ ಬಳಸಬೇಡಿ. ಅವರು ಆಗಲೇ ಬಸ್ಸಿನೊಳಗೆ.