ಅಪ್‌ಡೇಟ್: ಮಕ್ಕಳ ಮಾತು ಕೊನೇ ಸಾಲಿಗೂ ಕೇಳಿಸಿತು!

ನಮ್ಮ ಶಾಲೆಯ ನಾಟಕ ಸಂಘದ ಮಕ್ಕಳ ಮಾತು ಹಿಂದೆ ಕೂತವರಿಗೆ ಕೇಳಿಸುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಮೊನ್ನೆ ಊರವರ ಮುಂದೆ ನಾಟಕ ಆಯ್ತು. ತುಂಬಾ ಚೆನ್ನಾಗಿ ಆಯ್ತು!

ವೇದಿಕೆಯ ಮೇಲೆ ಮೈಕ್ ತೂಗುಹಾಕಿ ನೋಡಿದೆವು, ಪ್ರಯೋಜನವಾಗಲಿಲ್ಲ. ಮಾತಿಗಿಂತ ಕಾಲಿನ ಸದ್ದೇ ಜಾಸ್ತಿ ಕೇಳಿಸಿತು. ಸುಮ್ನೆ 'ಜೋರಾಗಿ ಮಾತಾಡಿ' ಅಂದಿದ್ದಕ್ಕೆ ಮಕ್ಕಳು ಕಿರುಚಿ ಗಂಟಲು ಕಟ್ಟಿಸಿಕೊಂಡರು.

ಕೈಹಿಡಿದದ್ದು, ಕೊನೇ ಸಾಲಿನಲ್ಲಿ ಒಬ್ಬರನ್ನು ಕೂರಿಸಿ ಅಭ್ಯಾಸ ಮಾಡಿಸಿ ಅನ್ನೋ ಸಲಹೆ. ಮಾತು ಕೇಳಿಸದಿದ್ದರೆ ಅವರು ಕೈ ಎತ್ತಬೇಕು, ಅಷ್ಟೇ. ಅಜ್ಜಿ ಪಾತ್ರದ ಹುಡುಗಿ ಪ್ರತಿ ಮಾತಿನ ಕೊನೇ ಪದ ನುಂಗುತ್ತಿದ್ದಳು. ಎತ್ತಿದ ಕೈ ನೋಡಿ ನೋಡಿ ನಾಲ್ಕೇ ದಿನದಲ್ಲಿ ತಾನೇ ತಿದ್ದಿಕೊಂಡಳು. ನನಗಂತೂ ಕಣ್ತುಂಬಿ ಬಂತು.

ಇನ್ನೊಂದು ವಿಷಯ ಗೊತ್ತೇ ಇರಲಿಲ್ಲ. ಖಾಲಿ ಸಭಾಂಗಣದಲ್ಲಿ ದನಿ ಗೋಡೆಗೆ ಬಡಿದು ಗುಂಯ್‌ಗುಡುತ್ತದೆ. ಜನ ತುಂಬಿದರೆ ಅವರ ಮೈ, ಬಟ್ಟೆ ಆ ಸದ್ದನ್ನು ಹೀರಿಕೊಳ್ಳುತ್ತವೆ. ಗುಂಯ್ ಅನ್ನೋದು ಕಡಿಮೆಯಾಗುತ್ತದೆ, ಜೊತೆಗೆ ದನಿಯೂ ಮೆತ್ತಗಾಗುತ್ತದೆ. ಹಾಗಾಗಿ ಅಭ್ಯಾಸದಲ್ಲಿ ಸಾಕು ಅನ್ನಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ದನಿ ಎತ್ತಿಸಿ.

ಸಲಹೆ ಕೊಟ್ಟ ಎಲ್ಲರಿಗೂ ಮಕ್ಕಳ ಪರವಾಗಿ ಥ್ಯಾಂಕ್ಸ್!